ತಾವರೆ ಇದ್ದ ಜಾಗ

ನೆನೆಹಾಕಿದ ಅವರೆಕಾಳು ಇನ್ನೂ ಅರ್ಧ ಪಾತ್ರೆ ಉಳಿದಿತ್ತು. ವಿಶಾಲಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಒಂದೊಂದನ್ನೇ ಹಿತುಕುತ್ತಿದ್ದಳು. ಬೇಳೆ ಪುಸಕ್ಕನೆ ಜಾರಿ ಬಟ್ಟಲಿಗೆ ಬೀಳುತ್ತಿತ್ತು, ಸಿಪ್ಪೆ ಬೆರಳಿಗೇ ಅಂಟಿಕೊಳ್ಳುತ್ತಿತ್ತು. ಪುಟ್ಟಲಕ್ಷ್ಮಿ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಅವಳು ಯಾವಾಗ ಬಂದರೂ ಕೂರುವುದು ಅಲ್ಲೇ.

“ಅಮ್ಮಾವ್ರೆ, ಈ ಫೋನ್ ವಸಿ ನೋಡಿ. ನನ್ನ ಬೆರಳಿಗೆ ಬಗ್ತಾನೇ ಇಲ್ಲ.”

“ಕೈ ತುಂಬ ಸಿಪ್ಪೆ ಕಣೆ. ನೀನೇ ಹಿಡ್ಕೊ, ನೋಡ್ತೀನಿ.”

ಇಬ್ಬರೂ ತಲೆ ನರೆತ ಮೇಲೆ ಒಂದೇ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಆ ಚಾಪೆಯ ಮೇಲೆ ಪುಟ್ಟಲಕ್ಷ್ಮಿ ಅವಳನ್ನು ಅಕ್ಕ ಎನ್ನುತ್ತಿದ್ದಳು. ಶಾಲೆಯ ಬಾಗಿಲು ದಾಟಿದರೆ ಅಮ್ಮಾವ್ರೆ. ಹಾಗೆ ಕರೆ ಎಂದು ಯಾರೂ ಹೇಳಿರಲಿಲ್ಲ, ಬೇಡ ಎಂದೂ ಯಾರೂ ಹೇಳಿರಲಿಲ್ಲ.

ಫೋನಿನಲ್ಲಿದ್ದದ್ದು ಪಂಚಾಯ್ತಿಯ ವೆಬ್‌ಸೈಟ್. ಅದರೊಳಗೆ ಊರಿನ ಚಿತ್ರ. ಅದನ್ನು ಬಿಡಿಸಿದ್ದು ವಿಶಾಲಮ್ಮನೇ. ದೀಪಾವಳಿ ಕಳೆದ ಮೇಲೆ ನಡೆದ ಗ್ರಾಮಸಭೆಯ ದಿನ, ಶಾಲೆಯ ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಪುಡಿಯಲ್ಲಿ ಬೀದಿ, ಗುಡಿ, ಡೈರಿ, ಕೆರೆ ಎಲ್ಲವನ್ನೂ ಎಳೆದಿದ್ದಳು. ಪುಡಿಯ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಪುಟ್ಟಲಕ್ಷ್ಮಿ. ಪಂಚಾಯ್ತಿಗೆ ಈ ವೆಬ್‌ಸೈಟ್ ಮಾಡಿಕೊಟ್ಟ, ಟಿ. ನರಸೀಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಚಂದ್ರಶೇಖರ್ ತಾರಸಿ ಹತ್ತಿ ಮೇಲಿಂದ ಫೋಟೊ ಹೊಡೆದಿದ್ದ. “ಚಿತ್ರದಲ್ಲಿ ನಿಮ್ಮ ಬೀದಿ ಮೇಲೆ ಬೆರಳು ಒತ್ತಿ, ಆ ಬೀದೀದೇ ಪುಟ ತೆರೆಯುತ್ತೆ. ನಲ್ಲಿ, ಚರಂಡಿ, ದೀಪ, ಏನು ಬೇಕೋ ಬರೀರಿ. ಶಿವರಾತ್ರಿವರೆಗೆ ಬಂದ ಅರ್ಜಿ ನೋಡ್ಕೊಂಡೇ ಈ ಸಲ ಕೆಲಸ ಹಂಚೋದು” ಎಂದಿದ್ದ. ಸಭೆ ಚಪ್ಪಾಳೆ ತಟ್ಟಿತ್ತು.

“ರಾತ್ರಿಶಾಲೇಲಿ ನಿಮ್ಮ ‘ಕ್ಷ’ ನೋಡಿ ಮೇಷ್ಟ್ರು ಏಡಿ ಅಂದಿದ್ರು. ಈಗ ಊರನ್ನೇ ಬುಡುಸ್ಬುಟ್ರಿ” ಎಂದು ನಕ್ಕಳು ಪುಟ್ಟಲಕ್ಷ್ಮಿ.

“ನಿನ್ನ ‘ಳ’ ಏನು ಕಮ್ಮಿ ಇತ್ತಾ? ಬಾಲ ಹಾಳೆ ಬಿಟ್ಟು ಆಚೆ ಹೋಗ್ತಿತ್ತು. ಏನು ಬರೀಬೇಕು ಹೇಳು.”

“ನೀರು. ನಲ್ಲೀಲಿ ಚರಂಡಿ ವಾಸ್ನೆ. ಮೊಮ್ಮಗೀಗೆ ಭೇದಿ ನಿಂತೇ ಇಲ್ಲ. ನಾನೇ ಬರೀತೀನಿ, ಪುಟ ತೆರೆದ್ರೆ ಸಾಕು.”

ಅವಳು ಒತ್ತಿದಳು. ಏನೂ ಆಗಲಿಲ್ಲ. ಸೆರಗಿನಲ್ಲಿ ಬೆರಳು ಒರೆಸಿ ಮತ್ತೆ ಒತ್ತಿದಳು. ವಿಶಾಲಮ್ಮ ಕೈ ತೊಳೆದು ಬಂದು ತನ್ನ ಬೀದಿಯ ಮೇಲೆ ಬೆರಳಿಟ್ಟಳು. ತಟ್ಟನೆ ಪುಟ ತೆರೆಯಿತು.

“ನೋಡಿ, ನಿಮ್ಮ ಬೆರಳಿಗೆ ತೆರೀತದೆ. ಕಳೆ ಕಿತ್ತು ಕಿತ್ತು ನನ್ನ ಬೆರಳು ಒರಟಾಗ್ಬುಟ್ಟದೆ, ಅದಕ್ಕೇ ಇಡೀತಿಲ್ಲ. ನೀವೇ ಒತ್ತಿ. ಇದೇ, ತಾವರೆ. ನಮ್ಮ ಬೀದಿಗೆ ಅಂತ ನೀವು ತಾವರೆ ಆಕಿದ್ರಲ್ಲ. ಅವತ್ತೇ ನಮ್ಮ ಹೆಂಗಸ್ರಿಗೆಲ್ಲ ಏಳ್ದೆ, ಬೇರೆ ಯಾವ ಬೀದಿಗೂ ಇಲ್ಲ, ನಮಗೇ ಅಂತ.”

ವಿಶಾಲಮ್ಮ ತಾವರೆಯ ಮೇಲೆ ಬೆರಳಿಟ್ಟಳು. ತೆರೆಯಲಿಲ್ಲ.

ಆಗ ಅವಳಿಗೆ ಕಂಡಿತು. ಅಂಚು ಕಟ್ಟದೆ ರಂಗೋಲಿ ಬಿಡಬಾರದೆಂದು ಅತ್ತೆ ಕಲಿಸಿದ ಕೈ ಅದು. ಬೀದಿಗಳನ್ನೆಲ್ಲ ಎಳೆದು ಮುಗಿಸಿ, ಸುತ್ತಲೂ ಕೆಮ್ಮಣ್ಣಿನ ಅಂಚು ಕಟ್ಟಿದ್ದಳು. ಅಂಚು ನಾಲೆಯ ಹತ್ತಿರ ತಿರುಗಿಬಿಟ್ಟಿತ್ತು. ನಾಲೆಯಾಚೆ ಪುಟ್ಟಲಕ್ಷ್ಮಿಯ ಬೀದಿ ಇದೆ ಎಂದು ಆ ಹೊತ್ತಿನಲ್ಲಿ ಮನಸ್ಸಿಗೆ ಬಂದೇ ಇರಲಿಲ್ಲ. ಅಂಚಿನಾಚೆ ಖಾಲಿ ಉಳಿದ ನೆಲ ಬೋಳು ಕಂಡಿತೆಂದು ಒಂದು ತಾವರೆ ಬಿಡಿಸಿದ್ದಳು. ಅಷ್ಟೇ.

“ನೆಟ್‌ವರ್ಕ್ ಇಲ್ಲ ಕಣೆ” ಎಂದಳು. ಹೇಳುವಾಗ ಅವರೆಕಾಳಿನ ಪಾತ್ರೆಯನ್ನೇ ನೋಡುತ್ತಿದ್ದಳು.

ಪುಟ್ಟಲಕ್ಷ್ಮಿ ಹೋದ ಮೇಲೆ ವಿಶಾಲಮ್ಮ ಚಂದ್ರಶೇಖರನಿಗೆ ಫೋನು ಮಾಡಿದಳು.

“ಒಂದೊಂದು ಬೀದಿ ಸುತ್ತಲೂ ಕಣ್ಣಿಗೆ ಕಾಣದ ಗೆರೆ ಎಳೀತೀವಮ್ಮ. ಅದರೊಳಗೆ ಬೆರಳು ಬಿದ್ರೆ ಮಾತ್ರ ಪುಟ ತೆರೆಯೋದು. ನಿಮ್ಮ ಕೆಮ್ಮಣ್ಣಿನ ಅಂಚಿನ ಒಳಗಿದ್ದದ್ದಕ್ಕೆಲ್ಲ ಎಳೆದಿದೀನಿ. ತಾವರೆ ಆಚೆ ಇತ್ತು, ಬರೀ ಅಲಂಕಾರ ಅಂದ್ಕೊಂಡೆ. ಯಾಕೆ, ಅಲ್ಲಿ ಏನಾದ್ರೂ ಇದೆಯಾ?”

“ಜನ ಇದಾರಪ್ಪ” ಎಂದಳು.

“ಅಯ್ಯೋ! ಸೇರಿಸೋದು ಸುಲಭ. ಆದ್ರೆ ಗ್ರಾಮಸಭೆ ಒಪ್ಪಿದ ಚಿತ್ರ, ನಾನಾಗಿ ಕೈ ಹಾಕೋ ಹಾಗಿಲ್ಲ. ಬಿಡಿಸಿದ ನೀವೇ ಕಾಗದ ಕೊಡಿ, ಏನು ಬಿಟ್ಟುಹೋಯ್ತು, ಯಾಕೆ ಬಿಟ್ಟುಹೋಯ್ತು ಅಂತ. ಆ ಬೀದಿಯವರದೂ ಒಂದು ಸಹಿ ಇರ್ಲಿ.”

ಏನು ಎಂಬುದನ್ನು ಆವತ್ತೇ ಬರೆದಳು. ಯಾಕೆ ಎಂಬಲ್ಲಿ ಪೆನ್ನು ನಿಂತಿತು. ‘ಜಾಗ ಸಾಲದೆ’ ಎಂದು ಬರೆದಳು. ತಾವರೆಗೆ ಜಾಗ ಸಾಲುವುದಾದರೆ ಬೀದಿಗೆ ಸಾಲದೇ? ಹರಿದಳು. ‘ಮರೆತು’ ಎಂದಳು. ಪುಡಿ ಹಿಡಿದು ನಿಂತವಳ ಮನೆ ಮರೆಯುವುದು ಹೇಗೆ? ಅದೂ ಹರಿಯಿತು. ಸಂಕ್ರಾಂತಿಯ ಎಳ್ಳು ಬೀರಿ ಮುಗಿಯಿತು, ಕಬ್ಬಿನ ಸಿಪ್ಪೆ ಬೀದಿಯಲ್ಲಿ ಒಣಗಿತು, ಅರ್ಧ ಬರೆದ ಕಾಗದ ದೇವರ ಗೂಡಿನಲ್ಲೇ ಇತ್ತು. ಪುಟ್ಟಲಕ್ಷ್ಮಿ ಬರುವುದು ಕಂಡರೆ ವಿಶಾಲಮ್ಮ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು.

ಕೊನೆಗೆ ಅಂಗಡಿಯ ಮುಂದೆ ಸಿಕ್ಕಿಬಿದ್ದಳು. ಪುಟ್ಟಲಕ್ಷ್ಮಿಯ ಕೈಯಲ್ಲಿ ಕೊಬ್ಬರಿ ಎಣ್ಣೆಯ ಪೊಟ್ಟಣ.

“ದಿನಾ ಬೆರಳಿಗೆ ಅಚ್ತಾ ಇವ್ನಿ ಅಮ್ಮಾವ್ರೆ. ಶಿವರಾತ್ರಿ ಒಳಗೆ ಮೆತ್ತಗಾದ್ರೆ ಒತ್ಬೋದು. ನಗಬ್ಯಾಡಿ.”

ವಿಶಾಲಮ್ಮ ನಗಲಿಲ್ಲ. ಮನೆಗೆ ಬಂದು ಬರೆದಳು: ‘ಜಾಗ ಇತ್ತು. ನನಗೆ ಮರೆವೂ ಇಲ್ಲ. ಊರು ಎಂದರೆ ನಾಲೆಯವರೆಗೆ ಎಂದು ನನ್ನ ಕೈಗೆ ಅಭ್ಯಾಸವಾಗಿತ್ತು. ಆಚೆ ಬೀದಿಯಲ್ಲಿ ನಾನು ಒಮ್ಮೆಯೂ ನಡೆದಿಲ್ಲ. ಅವರ ಮನೆಗಳಿರುವ ಕಡೆ ನಾನು ಅಂದಕ್ಕೆ ತಾವರೆ ಬಿಡಿಸಿದೆ. ತಪ್ಪು ನನ್ನದು.’

ಆ ಕಾಗದ ಹಿಡಿದು ನಾಲೆಯ ಮೋರಿ ದಾಟಿದಳು. ಯಾವ ಮನೆ ಎಂದು ಕೇಳಬೇಕಾಯಿತು, ಇಷ್ಟು ವರ್ಷದ ಗೆಳತಿಯ ಮನೆಯನ್ನು.

ಪುಟ್ಟಲಕ್ಷ್ಮಿ ಗಾಬರಿಯಿಂದ ಚಾಪೆ ಹಾಸಿದಳು. “ಕೂತ್ಕಳಿ. ನೀರು ಕೊಡಾನ ಅಂದ್ರೆ, ಈ ವಾಸ್ನೆ ನೀರು…”

ಸದ್ಯ, ಕುಡಿಯುವುದು ತಪ್ಪಿತು ಎಂದು ವಿಶಾಲಮ್ಮನ ಎದೆ ಒಂದು ಗಳಿಗೆ ಹಗುರಾಯಿತು. ಅದು ನೀರಿನ ವಾಸನೆಗಲ್ಲ ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ಕಾಗದ ಚಾಚಿದಳು. ತಲೆ ಎತ್ತಲಿಲ್ಲ.

ಪುಟ್ಟಲಕ್ಷ್ಮಿ ರಾತ್ರಿಶಾಲೆಯಲ್ಲಿ ಓದುತ್ತಿದ್ದಂತೆಯೇ ಅಕ್ಷರದಡಿ ಬೆರಳಾಡಿಸುತ್ತಾ ಓದಿದಳು. ‘ತಾವರೆ’ ಎಂಬಲ್ಲಿ ಎಣ್ಣೆ ಹಚ್ಚಿದ ಬೆರಳು ನಿಂತಿತು. ಕಾಗದದಲ್ಲಿ ಸಣ್ಣ ಜಿಡ್ಡಿನ ಕಲೆ ಮೂಡಿತು. ಒಳಗೆ ಮಗು ಅಳುತ್ತಿತ್ತು.

“ಅಂಗಾದ್ರೆ ನನ್ನ ಬೆರಳಲ್ಲ” ಎಂದಳು.

“ಅಲ್ಲ ಕಣವ್ವ.”

“ನಮ್ಮ ಹೆಂಗಸ್ರಿಗೆ ಏನು ಏಳ್ಲಿ ಈಗ, ತಾವರೆ ವಿಷ್ಯ?”

ವಿಶಾಲಮ್ಮ ಪೆನ್ನು ಮುಂದಿಟ್ಟಳು. ಪುಟ್ಟಲಕ್ಷ್ಮಿ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ‘ಳ’ ಇಲ್ಲದ ಹೆಸರು, ನೆಟ್ಟಗೆ ಬಂತು. “ನರಸೀಪುರದ ಬಸ್ ಬರೋ ಹೊತ್ತಾಯ್ತು, ಓಗಿ” ಎಂದಳು. ಅಕ್ಕ ಎನ್ನಲಿಲ್ಲ, ಅಮ್ಮಾವ್ರೆ ಎಂದೂ ಅನ್ನಲಿಲ್ಲ.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸು ನಿಂತಾಗ ವಿಶಾಲಮ್ಮ ಕಿಟಕಿಯೊಳಗಿನ ಕಂಡಕ್ಟರನಿಗೆ ಆ ಕಾಗದದ ಕವರು ಚಾಚಿದಳು.

“ಯಾರಿಗಜ್ಜಿ?”

“ಬಸ್ ಸ್ಟ್ಯಾಂಡ್ ಎದುರು, ಕಂಪ್ಯೂಟರ್ ಅಂಗಡಿ ಚಂದ್ರಶೇಖರ್‌ಗೆ. ಇವತ್ತೇ ಕೊಟ್ಬುಡಪ್ಪ.”

“ಅಂಥದ್ದೇನಿದೆ ಇದ್ರಲ್ಲಿ?”

“ಒಂದು ಬೀದಿ” ಎಂದಳು.

ಕಂಡಕ್ಟರ್ ಕವರನ್ನು ಹೆಗಲ ಚೀಲಕ್ಕೆ ತೂರಿಸಿ ಸೀಟಿ ಊದಿದ.