ಪಂಚಾಕ್ಷರಿಯ ಬಾಯಾರಿಕೆ

"ಎಡಕ್ಕ ಮುಳುಗೋ ಅಂಜಿನಪ್ಪ, ಆ ಬಂಡಿಗಲ್ಲಿನ ಬುಡಕ ನೋಡು."

ನಾಗಲದಿನ್ನೆಯ ಅರ್ಧ ಊರು ಹೊಳೆದಂಡೆಯಲ್ಲಿತ್ತು. ಬಳ್ಳಾರಿಯಿಂದ ಕಲೆಕ್ಟರ್ ದೊರೆ ಬಂದಾಗಲೂ ಅಷ್ಟು ಜನ ಸೇರಿರಲಿಲ್ಲ. ಅಂಜಿನಪ್ಪ ಬುಳಕ್ಕನೆ ಮೇಲೆದ್ದು ಹಿಡಿ ಮರಳು ತೋರಿಸಿದ. "ಮೀನಾದ್ರ ಬಲ್ಯಾಗ ಬೀಳ್ತಾವ. ಶಿವ ಬೀಳ್ತಾನೇನ್ರಿ?" ಜನ ನಕ್ಕು, ನಗಬಾರದಿತ್ತೆಂದು ತುಟಿ ಕಚ್ಚಿಕೊಂಡರು.

ಬೆಳಿಗ್ಗೆ ಜಳಕಕ್ಕಿಳಿಯುವಾಗ ಸೆಳವಿಗೆ ದಾರ ಹರಿದೀತೆಂದು ಪಂಚಾಕ್ಷರಿ ಕೊರಳಿನ ಲಿಂಗದ ಕರಡಿಗೆಯನ್ನು ತೆಗೆದು ಬಂಡೆಯ ಮೇಲಿಟ್ಟಿದ್ದ. ಮುಳುಗೆದ್ದು ನೋಡಿದರೆ ಬೆಳ್ಳಿಯ ಕರಡಿಗೆ ಇಲ್ಲ. ಜಾರಿ ಹೊಳೆಗೆ ಬಿತ್ತೆಂದೇ ಎಲ್ಲರೂ ತಿಳಿದರು. ಲಿಂಗ ಮೈಮೇಲಿಲ್ಲದೆ ಬಾಯಿಗೆ ಹನಿ ನೀರೂ ಹಾಕುವಂತಿಲ್ಲ. ಹೊಸದನ್ನು ಕಟ್ಟಬೇಕಾದ ಸ್ವಾಮಿಗಳು ಪತ್ತಿಕೊಂಡದಿಂದ ಬರಲು ನಾಳೆಯಾದೀತು. ಹೊತ್ತು ನೆತ್ತಿ ದಾಟಿತ್ತು. ಹನ್ನೊಂದು ವರ್ಷದ ಪಂಚಾಕ್ಷರಿ ಜಾಲಿಯ ನೆರಳಲ್ಲಿ ವಾಲಿಕೊಂಡಿದ್ದ.

ತೀರಿಹೋದ ಮೈದುನನ ಆ ಮಗನ ಹಣೆ ಒರೆಸುತ್ತಿದ್ದ ಗುರುಶಾಂತಮ್ಮ ನೋಡುತ್ತಿದ್ದುದು ಹೊಳೆಯನ್ನಲ್ಲ, ತನ್ನ ಮಗ ಕೊಟ್ರನನ್ನು. ಹದಿಮೂರರ ಕೊಟ್ರ ಊರಿಗೇ ಪುಂಡ. ಪಂಪಮ್ಮನ ಕೊಡ ಒಡೆದವನು, ಬಂಡಿಯ ಕೀಲು ಕಿತ್ತು ಆದೋನಿಯ ದಾರಿಯುದ್ದಕ್ಕೂ ಹತ್ತಿ ಚೆಲ್ಲಿಸಿದವನು. ತಂದೆ ಸೋಮಶೇಖರಪ್ಪನ ಬಾರುಕೋಲಿನ ಬರೆ ಅವನ ಬೆನ್ನ ಮೇಲೆ ಮಾಯ್ದದ್ದೇ ಇಲ್ಲ. ಏಟಿಗೊಮ್ಮೆ ಒಂದೇ ಮಾತು: "ಪಂಚಾಕ್ಷರೀನ್ನ ನೋಡಿ ಕಲಿ." ಇವೊತ್ತು ಜಳಕಕ್ಕೆ ಹೊರಡುವ ಮೊದಲೂ ಅದೇ ಆಗಿತ್ತು.

ಎಲ್ಲರ ಕಣ್ಣು ನೀರಿನ ಮೇಲೆ. ಕೊಟ್ರನ ಕಣ್ಣು ಪಂಚಾಕ್ಷರಿಯ ತುಟಿಯ ಮೇಲೆ. ಆ ತುಟಿ ಬಿರಿದಂತೆಲ್ಲ ಇವನೂ ತನ್ನ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿದ್ದ. ಕರಡಿಗೆ ತೆಗೆದವನು ಇವನೇ ಎಂದು ಗುರುಶಾಂತಮ್ಮನಿಗೆ ಹೊಳೆಯಿತು. ಮರುಗಳಿಗೆಗೆ ಎದೆ ಕುಣಿಯತೊಡಗಿತು. ಮಗ ಕಲ್ಲಾಗಿರಲಿಲ್ಲ.

ಸೋಮಶೇಖರಪ್ಪನಿಗೂ ಅನುಮಾನ ಬಂದಿತ್ತು. "ಇದು ನಿಂದಾ ಕೆಲಸ. ಬೊಗಳ್ತಿಯೋ, ತೊಗಲು ಸುಲೀಲೋ?"

"ನಂಗೊತ್ತಿಲ್ಲ." ಕೊಟ್ರನ ಮುಖ ಅಗುಳಿ ಹಾಕಿಕೊಂಡಿತು.

ಎತ್ತಿದ ಬಾರುಕೋಲನ್ನು ಗುರುಶಾಂತಮ್ಮ ಹಿಡಿದಳು. ಹದಿನೈದು ವರ್ಷದ ಸಂಸಾರದಲ್ಲಿ ಆಕೆ ಗಂಡನ ಕೈಗೆ ಅಡ್ಡ ಬಂದದ್ದು ಅದೇ ಮೊದಲು. "ಹೊಡದು ಹೊಡದು ನೋಡೀರಿ. ಒಂದ್ಸಲ ನನಗ ಬಿಡ್ರಿ."

"ನೀ ಮುದ್ದು ಮಾಡಿದ್ದಕ್ಕಾ ಹಿಂಗಾಗ್ಯಾನ."

ಆಕೆ ತಂಬಿಗೆ ತುಂಬಿ ತಂದು ಮಗನ ಕೈಗಿಟ್ಟಳು. "ತಮ್ಮಗ ಬಾಯಾರೈತಿ. ನೀನಾ ಕುಡಸಪ್ಪ."

"ಲಿಂಗಿಲ್ದ ಅವ ಹೆಂಗ ಕುಡಿತಾನಬೇ?"

"ಅವನ ತುಟಿ ಒಣಗಿದ್ರ ನಿನ್ನ ತುಟಿ ಒಣಗತೈತಿ. ಮುಂಜಾನಿಂದ ನೋಡಾಕತ್ತೀನಿ. ಹೆಂಗ ಕುಡಸಬೇಕೋ ನಿನಗ ಗೊತ್ತೈತಿ. ನಾವ್ಯಾರೂ ನೋಡಂಗಿಲ್ಲ."

ಆಕೆ ಹೊಳೆಯ ಕಡೆ ತಿರುಗಿದಳು. ಗಂಡನ ತೋಳು ಹಿಡಿದು ಅವನನ್ನೂ ತಿರುಗಿಸಿದಳು. ಬೆನ್ನ ಹಿಂದೆ ಹೆಜ್ಜೆಗಳು ಕಳ್ಳಿಸಾಲಿನತ್ತ ಓಡಿದವು.

"ಓಡಿ ಹೋದ ನಿನ್ ಮಗ."

ಆಕೆಯ ಬಾಯೊಳಗೆ ಶಿವನಾಮ, ಕೈಯೊಳಗೆ ಇನ್ನೂ ಗಂಡನ ತೋಳು. ಹೆಜ್ಜೆಗಳು ಮತ್ತೆ ಕೇಳಿಸಿದವು, ಹೋದದ್ದಕ್ಕಿಂತ ಜೋರಾಗಿ. ಆಗ ತಿರುಗಿದಳು.

ಮಣ್ಣು ಮೆತ್ತಿದ ಬೆರಳುಗಳಿಂದ ಕೊಟ್ರ ತಮ್ಮನ ಕೊರಳಿಗೆ ದಾರದ ಗಂಟು ಹಾಕುತ್ತಿದ್ದ. ಪಂಚಾಕ್ಷರಿ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಬೊಗಸೆ ಒಡ್ಡಿದ. ಸೋಮಶೇಖರಪ್ಪ ಬಾಯಿ ತೆರೆದ.

"ನಿಧಾನ ಹಾಕಲೇ," ಎಂದ ಅವನು, "ನೆತ್ತಿಗೇರೀತು."

ಕೊಟ್ರ ತಂಬಿಗೆಯ ಧಾರೆಯನ್ನು ಸಣ್ಣಗೆ ಮಾಡಿದ.