ಕೂಲರಿನ ತಳದ ಹಾಳೆ

ವಿಡಿಯೋದಲ್ಲಿ ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ವಿರೇಶನ ಕಂಪ್ಯೂಟರು ಮತ್ತೆ ಸತ್ತಿತು. ಪರದೆ ಕಪ್ಪಾಯಿತು. ಸಿಪಿಯು ಡಬ್ಬಿ ಮುಟ್ಟಿದರೆ ಒಲೆಯ ಮೇಲಿನ ಹಂಚು ಮುಟ್ಟಿದಂತಿತ್ತು.

"ಕೊಟ್ಟನಲ್ಲ ಆ ಆಸೀಮ್, ಡೂಪ್ಲಿಕೇಟ್ ಮಾಲೇ ಕೊಟ್ಟನಲ್ಲ!" ಎಂದು ವಿರೇಶ ಕುರ್ಚಿಯನ್ನು ಒದ್ದ.

ಮಸ್ಕಿಯ ಬಸ್ ನಿಲ್ದಾಣದ ರಸ್ತೆಯಲ್ಲಿ ಅವನದೊಂದು ಸ್ಟುಡಿಯೋ. ಒಂಬತ್ತನೆಯ ತರಗತಿಗೆ ಶಾಲೆಗೆ ಕೈಮುಗಿದು ಬಂದವನು, ಮದುವೆ ವಿಡಿಯೋ ಕತ್ತರಿಸಿ ಜೋಡಿಸುವುದನ್ನು ಫೋನಿನಲ್ಲಿ ನೋಡಿ ನೋಡಿಯೇ ಕಲಿತಿದ್ದ. ಯಾರೂ ಕೈ ಹಿಡಿದು ಕಲಿಸಲಿಲ್ಲ, ಹಾಗಾಗಿ ಅವನು ಯಾರನ್ನೂ ನಂಬುತ್ತಿರಲಿಲ್ಲ. ಊರಿನ ಕಲ್ಯಾಣ ಮಂಟಪ ನೋಡಿಕೊಳ್ಳುವ ಕರಿಬಸಯ್ಯ ಪರೀಕ್ಷೆಗೆಂದು ಈ ಒಂದು ಮದುವೆಯನ್ನು ಅವನ ಕೈಗೆ ಹಾಕಿದ್ದರು. ಶುಕ್ರವಾರ ಮೂರು ಗಂಟೆಗೆ ಬೀಗರ ಗಾಡಿ ಹೊರಡುವುದರೊಳಗೆ ವಿಡಿಯೋದ ಪೆನ್‌ಡ್ರೈವ್ ಅವರ ಕೈಲಿರಬೇಕು. ಇದ್ದರೆ ಮಂಟಪದ ಎಲ್ಲ ಮದುವೆಗಳೂ ವಿರೇಶನವು. ಇಲ್ಲದಿದ್ದರೆ ಲಿಂಗಸುಗೂರಿನ ಸಂಗನಬಸವನ ಸ್ಟುಡಿಯೋಕ್ಕೆ.

ಇಂದು ಶುಕ್ರವಾರ.

ಕಂಪ್ಯೂಟರಿಗೆ ಈ ಜ್ವರ ಹಿಡಿದು ವಾರವಾಗಿತ್ತು. ವಿರೇಶ ಧೂಳು ಊದಿದ, ಬಿಸಿ ದಾಟಿಸುವ ಪೇಸ್ಟು ಒಣಗಿದ್ದನ್ನು ಒರೆಸಿ ಹೊಸದು ಹಚ್ಚಿದ. ಆದರೆ ಪ್ರೊಸೆಸರಿನ ಮೇಲೆ ಕೂತು ಗಾಳಿ ಹಾಕುವ ಕೂಲರಿನ ಕಾಲೇ ಮುರಿದಿತ್ತು. ಹೊಸದು ಕೊಳ್ಳಲೆಂದು ಮೊನ್ನೆ ಸಿಂಧನೂರಿನ ಆಸೀಮನ ಕಂಪ್ಯೂಟರ್ ಅಂಗಡಿಗೆ ಹೋಗಿದ್ದ. ಆಸೀಮ್ ಮೂರು ಪೆಟ್ಟಿಗೆ ಮುಂದಿಟ್ಟ.

"ಈ ಸಣ್ಣದು ನಿನ್ನ ವಿಡಿಯೋ ಕೆಲಸಕ್ಕ ಸಾಲಂಗಿಲ್ಲ. ಈ ಎತ್ತರದ್ದು ಛಲೋ ಐತಿ, ಆದ್ರ ನಿನ್ನ ಡಬ್ಬಿ ಬಾಗಿಲ ಮುಚ್ಚಂಗಿಲ್ಲ. ನಡುವಿಂದು ತಗೋ. ಫ್ಯಾನ್ ಬಿಚ್ಚಿ ಧೂಳ ಹೊಡೀಬಹುದು. ನಮ್ಮ ಕಡೆ ಭತ್ತದ ಹೊಟ್ಟಿನ ಧೂಳು ಹೆಂಗ ಹಾರ್ತೈತಿ ಅಂತ ಕಂಪನಿಯವ್ರಿಗೆ ಏನ್ ಗೊತ್ತು?"

"ಸಂಗನಬಸವಗ ಯಾವ್ದು ಕೊಟ್ಟಿ?"

"ಅವನ ಡಬ್ಬಿ ದೊಡ್ಡದೈತಿ. ಎತ್ತರದ್ದ ಕೊಟ್ಟೀನಿ."

ಅಲ್ಲಿಗೆ ವಿರೇಶನ ಎದೆಯಲ್ಲಿ ಮುಳ್ಳು ಮುರಿಯಿತು. ಅವನಿಗೆ ಛಲೋದು, ನನಗೆ ನಡುವಿನದು. ಜೇಬಿನಿಂದ ಕಸಬರಿಗೆಯ ಕಡ್ಡಿಯೊಂದನ್ನು ತೆಗೆದ. ಡಬ್ಬಿಯ ಒಳಗಿನ ಜಾಗಕ್ಕೆ ಸರಿಯಾಗಿ ಮುರಿದು ತಂದಿದ್ದ ಕಡ್ಡಿ. ಎತ್ತರದ ಕೂಲರು ನಿಜವಾಗಿಯೂ ಕಡ್ಡಿಯನ್ನು ಮೀರಿತ್ತು. ಬೇರೆ ದಾರಿಯಿಲ್ಲದೆ ನಡುವಿನದನ್ನೇ ಎತ್ತಿಕೊಂಡ.

"ಸಿಪಿಯು ತಗೊಂಬಾ, ನಾನೇ ಕೂಡಿಸಿಕೊಡ್ತೀನಿ," ಎಂದ ಆಸೀಮ್.

"ಬ್ಯಾಡ. ನನ್ನ ಮಷೀನು ನನ್ನ ಕಣ್ಣ ಮುಂದೇ ಇರ್ಲಿ."

"ಒಳಗಿಂದು ಕದ್ದು ಬ್ಯಾರೇದು ಹಾಕ್ತೀನಂತ ಅಂಜಿಕೀ ಏನೋ?" ಆಸೀಮ್ ನಕ್ಕ. ವಿರೇಶ ನಗಲಿಲ್ಲ. ಅವನ ಕಣ್ಣು ಗೋಡೆಯ ಬೋರ್ಡಿನ ಮೇಲಿತ್ತು: ಸೀಲ್ ಒಡೆದ ಮಾಲು ವಾಪಸ್ ಇಲ್ಲ.

ಕೂಲರಿನ ತಾಮ್ರದ ತಳಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿತ್ತು. ಸ್ಟುಡಿಯೋಕ್ಕೆ ತಂದು ಕೂಡಿಸುವಾಗ ವಿರೇಶ ಅದರ ತುದಿಗೆ ಉಗುರು ಹಾಕಿದವನು ಬೋರ್ಡು ನೆನೆದು ಕೈ ತೆಗೆದ. ಮಾಲು ಕೆಟ್ಟದ್ದೆಂದಾದರೆ, ಸೀಲ್ ಒಡೆದೀಯಲ್ಲ ಎಂದು ಆಸೀಮ್ ಬಾಯಿ ಮುಚ್ಚಿಸಬಾರದು. ತನ್ನ ಬೈಕಿನ ಮೈಮೇಲೆ ಶೋರೂಮಿನ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು, ಟಿವಿ ರಿಮೋಟಿನ ಮೇಲೂ ಇತ್ತು. ಇದೂ ಇರಲಿ. ಅದರ ಮೇಲೆಯೇ ಪೇಸ್ಟು ಹಚ್ಚಿ ತಿರುಪು ಬಿಗಿದ.

ಆ ಕೂಲರೇ ಈಗ ಹೀಗೆ ಮಾಡಿತ್ತು. ಬೈಕಿನಲ್ಲಿ ಕುಲುಕಿ ಕೆಟ್ಟೀತೆಂದು ವಿರೇಶ ಸಿಪಿಯುವನ್ನು ಚಾದರದಲ್ಲಿ ಗಂಟುಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಸಿಂಧನೂರಿನ ಬಸ್ಸಿನಲ್ಲಿ ಕೂತ. ದಾರಿಯುದ್ದಕ್ಕೂ ಆಸೀಮನಿಗೆ ಹೇಳಬೇಕಾದ ಮಾತುಗಳನ್ನು ಮಸೆದ.

ಅಂಗಡಿಯಲ್ಲಿ ಸ್ಟೂಲಿನ ಮೇಲೆ ಸಂಗನಬಸವ ಚಹಾ ಕುಡಿಯುತ್ತ ಕೂತಿದ್ದ. ವಿರೇಶನಿಗೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

"ಇಬ್ರೂ ಕೂಡೇ ಅದೀರಿ. ಛಲೋ ಆತು."

"ಏನಾತೋ ವಿರೇಶ?"

"ಡೂಪ್ಲಿಕೇಟ್ ಮಾಲು ಕೊಟ್ಟು ಏನಾತಂತ ಕೇಳ್ತಿ? ನನ್ನ ಮಂಟಪ ಮುಳುಗಿಸಾಕ ಇವ ಎಷ್ಟ ಚಹಾ ಕುಡಿಸ್ಯಾನ ನಿನಗ?"

"ಚಹಾ ಅವನೇ ಕುಡಿಸ್ಯಾನ. ನಿನಗೂ ಒಂದು ಹೇಳ್ಲೇನು?" ಎಂದ ಸಂಗನಬಸವ.

ಇದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಆಸೀಮನ ಮುಖದ ನಗು ಆರಿತು. ಸ್ಕ್ರೂಡ್ರೈವರು ತೆಗೆದು ಮೇಜಿನ ಮೇಲಿಟ್ಟ. "ನಾ ಕೈ ಹಚ್ಚಂಗಿಲ್ಲ. ಎಲ್ಲಾರ ಮುಂದ ನೀನೇ ಬಿಚ್ಚು."

ವಿರೇಶ ಹಲ್ಲು ಕಚ್ಚಿ ಬಿಚ್ಚಿದ. ಕೂಲರನ್ನು ಎತ್ತಿ ಬೋರಲು ಹಾಕಿದ. ತಳದ ಹಾಳೆ ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು, ಪೇಸ್ಟೆಲ್ಲ ಅದಕ್ಕೇ ಮೆತ್ತಿಕೊಂಡಿತ್ತು.

ಆಸೀಮ್ ಬಗ್ಗಿ ನೋಡಿದ. "ಇದನ್ಯಾಕ ತಗೀಲಿಲ್ಲ?"

"ಸೀಲು..." ವಿರೇಶ ಬೋರ್ಡಿನ ಕಡೆ ಕೈ ಮಾಡಿದ. "ನೀನೇ ಬರದೀಯಲ್ಲ ಅಲ್ಲಿ."

ಸಂಗನಬಸವನ ಚಹಾ ಮೂಗಿನಿಂದ ಬಂತು.

"ಮುಚ್ಚಳಾ ತಗೀದೇ ಕೊಡಕ್ಕ ನೀರ ಹೊಯ್ದಂಗ ಆತಲ್ಲೋ," ಎಂದ ಆಸೀಮ್. "ಪ್ರೊಸೆಸರಿನ ಬಿಸಿ ತಾಮ್ರಕ್ಕ ಮುಟ್ಟಿದ್ರ ತಾನೇ ಫ್ಯಾನಿಗೆ ಕೆಲಸ? ಅದಕ್ಕೇ ನಾ ಕೂಡಿಸ್ತೀನಂದಿದ್ದೆ." ಹಾಳೆಯನ್ನು ಕಿತ್ತು ಬುಟ್ಟಿಗೆ ಎಸೆದ. ತಳ ಒರೆಸಿ, ಹೊಸ ಪೇಸ್ಟು ಕಡಲೆಕಾಳಿನಷ್ಟು ಇಟ್ಟು, ಕೂಲರನ್ನು ಕೂಡಿಸಿ ಮಷೀನು ಚಾಲೂ ಮಾಡಿದ. ಫ್ಯಾನು ಸುಂಯ್ ಎಂದಿತು. "ಇಲ್ಲೇ ವಿಡಿಯೋ ಮುಗಿಸ್ಕೋ. ಮಸ್ಕಿಗೆ ಒಯ್ದು ಮಾಡೂವಷ್ಟು ವ್ಯಾಳ್ಯಾ ಇಲ್ಲ."

ವಿರೇಶ ತಪ್ಪಾಯಿತು ಎನ್ನಬೇಕಿತ್ತು. ಅದರ ಬದಲು ಕುರ್ಚಿ ಎಳೆದು ಪರದೆಯ ಮುಂದೆ ಕೂತ.

ಅಷ್ಟರಲ್ಲಿ ಅಜಾನ್ ಕೇಳಿಸಿತು. ಆಸೀಮ್ ಟೋಪಿ ಹಾಕಿಕೊಂಡ. "ನಮಾಜ್ ಮುಗಿಸಿ ಬರ್ತೀನಿ. ವಿರೇಶ, ಅಂಗಡಿ ನೋಡ್ಕೋ."

"ನಾನಾ?"

"ಮತ್ತ್ಯಾರು? ನಿನ್ನಷ್ಟು ಕಣ್ಣಿಟ್ಟು ನೋಡಾವ ಈ ಊರಾಗ ಯಾರದಾರ?"

ಆಸೀಮ್ ಹೋದ, ಗಿರಾಕಿಗಳೂ ಚದುರಿದರು. ಉಳಿದವರು ಇಬ್ಬರೇ. ಇದೇನು ಪರೀಕ್ಷೆಯೋ, ಏನಾದರೂ ಕಳೆದರೆ ತನ್ನ ತಲೆಗೆ ಕಟ್ಟುವ ಹೂಟವೋ? ವಿರೇಶ ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಸಂಗನಬಸವನ ಕೈಯ ಮೇಲೆ ಇಟ್ಟು ಕೂತ. ಅಕ್ಕಿಕಾಳು ಬಿದ್ದವು. ಕಂಪ್ಯೂಟರು ಸಾಯಲಿಲ್ಲ. ಊಟದ ಪಂಕ್ತಿಯೂ ಮುಗಿದು ವಿಡಿಯೋ ಪೂರ್ತಿ ಪೆನ್‌ಡ್ರೈವಿಗೆ ಇಳಿಯಿತು.

ಫೋನು ಬಂತು. ಕರಿಬಸಯ್ಯ. "ಎಲ್ಲದೀಯೋ? ಬೀಗರು ಗಾಡಿಗೆ ಸಾಮಾನು ಏರಿಸಾಕತ್ಯಾರ."

"ಬಂದೆ ಬಂದೆ ರೀ."

ನಮಾಜ್ ಮುಗಿದು ಜನ ರಸ್ತೆಗೆ ಬಂದರೂ ಆಸೀಮ್ ಕಾಣಲಿಲ್ಲ. ಮಸ್ಕಿಯ ಬಸ್ಸು ಎದುರಿಗೇ ಹಾರ್ನು ಹೊಡೆದು ಹೋಯಿತು. ವಿರೇಶ ಎದ್ದ, ಮತ್ತೆ ಕೂತ. ತೆರೆದ ಅಂಗಡಿ ಬಿಟ್ಟು ಹೇಗೆ ಹೋಗುವುದು? ಅದೂ ತಾನು ಈಗಷ್ಟೇ ಮೋಸಗಾರನೆಂದು ಬೈದವನ ಅಂಗಡಿ.

"ನಾ ಲಿಂಗಸುಗೂರಿಗೆ ಹೊಂಟೀನಿ, ಮಸ್ಕಿ ಮ್ಯಾಲೇ," ಎಂದು ಸಂಗನಬಸವ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. "ಪೆನ್‌ಡ್ರೈವ್ ಕೊಡು. ಮಂಟಪದಾಗ ಕೊಟ್ಟು ಹೋಗ್ತೀನಿ."

"ನೀನಾ? ಹಳ್ಳದಾಗ ಒಗದು ಹೋಗ್ತಿ."

"ಒಗದ್ರ ಮಂಟಪ ನನಗೇ ಬರ್ತೈತಿ, ಖರೇ. ಆದ್ರ ಈ ಪ್ಲಾಸ್ಟಿಕ್ ಆಟ ನೋಡಿ ಹೊಟ್ಟಿ ತುಂಬೈತಿ ಇವತ್ತು. ಕೊಡ್ತೀಯೋ, ಹೋಗ್ಲೋ?"

ವಿರೇಶ ಅವನ ಮುಖ ನೋಡಿದ, ಅಂಗಡಿ ನೋಡಿದ. ಮುಷ್ಟಿ ಬಿಚ್ಚಲು ಬೆರಳಿಗೊಂದು ಯುದ್ಧವಾಯಿತು. ಕೊನೆಗೆ ಕೊಟ್ಟ. ಬೈಕು ತಿರುವಿನಲ್ಲಿ ಮರೆಯಾಗುವತನಕ ನಂಬರು ಬಾಯಿಪಾಠ ಮಾಡಿದ.

ಆಸೀಮ್ ಬಂದು ಅಂಗಡಿಯನ್ನೊಮ್ಮೆ ನೋಡಿ, "ಇನ್ನೂ ಇಲ್ಲೇ ಅದೀ?" ಎಂದ. ವಿರೇಶನ ಕಣ್ಣು ಫೋನಿನ ಮೇಲಿತ್ತು. ಅದು ರಿಂಗಣಿಸುವ ಹೊತ್ತಿಗೆ ಅವನ ಅಂಗಿ ಬೆವರಿಗೆ ಅಂಟಿತ್ತು.

"ಬಂತಪ," ಎಂದರು ಕರಿಬಸಯ್ಯ. "ಬೀಗರು ಹೊಂಟ್ರು. ಮುಂದಿನ ಮದುವಿಗೆ ನೀನೇ ಬಾ."

ವಿರೇಶ ಉಸಿರು ಬಿಟ್ಟ. ಮರುಕ್ಷಣ ಕೇಳಿದ, "ಅವ ಏನರ ಅಂದನೇನ್ರಿ?"

"ಏನಿಲ್ಲೋ. ನೀ ಪ್ಲಾಸ್ಟಿಕ್ ತಗೀದೇ ಕೂಡಿಸಿದ ಸುದ್ದಿ ಹೇಳಿದ. ಅಡಗಿ ಮನ್ಯಾಗ ಇನ್ನೂ ನಗಾಕತ್ಯಾರ."

"ಗೊತ್ತಿತ್ತು ನನಗ!" ವಿರೇಶ ಮೇಜು ಗುದ್ದಿದ. "ಆ ಸಂಗ್ಯಾ ಬಿಡಾವಲ್ಲ ಅಂತ ಗೊತ್ತಿತ್ತು!"

ಆಸೀಮ್ ಮುಖ ತಿರುಗಿಸಿಕೊಂಡು ಚಹಾಕ್ಕೆ ಕೂಗಿದ. ಅವನ ಭುಜ ಕುಲುಕುತ್ತಿತ್ತು.