ಅಕ್ಕನ ಎರಡು ತೋಳು

ಎರಡೂ ತೋಳಿಗೆ ಹತ್ತಿ ಒತ್ತಿಕೊಂಡು, ಶಾಲೆಯ ಮೆಟ್ಟಿಲ ಮೇಲೆ ಕುಳಿತು ನಗುತ್ತಿರುವ ಹುಡುಗಿ. ಅಕ್ಕನನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಇದೇ ಚಿತ್ರ. ಅಂದು ಲಸಿಕೆ ಹಾಕುವವರು ಬಂದಿದ್ದರು. ಸೂಜಿಯೆಂದರೆ ಜೀವವೇ ಹೋದಂತಾಗುವ ನಾನು ಬಾಗಿಲ ಮರೆಯಲ್ಲಿ ಅಡಗಿದೆ. ಅಕ್ಕ ಎಡತೋಳು ಕೊಟ್ಟು ಬಂದು, ಜಡೆಯ ರಿಬ್ಬನ್ ಬದಲಾಯಿಸಿ, ಮತ್ತೆ ಸಾಲಿನಲ್ಲಿ ನಿಂತು, ನನ್ನ ಹೆಸರು ಹೇಳಿ ಬಲತೋಳನ್ನೂ ಕೊಟ್ಟಳು. ನಾವು ಅವಳಿಗಳು. ಹನ್ನೊಂದು ನಿಮಿಷ ಮೊದಲು ಹುಟ್ಟಿದ್ದಕ್ಕೆ ಇಂದುಮತಿ ನನಗೆ ಅಕ್ಕ. ನಮ್ಮಿಬ್ಬರ ಗುರುತು ಹಿಡಿಯುವುದರಲ್ಲಿ ಅಮ್ಮನೂ ಆಗಾಗ ತಪ್ಪುತ್ತಿದ್ದಳು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅಕ್ಕನಿಗೆ ಮನಸ್ಸಿನ ಕಾಯಿಲೆ ಬಂತು. ಗೋಡೆಗಳು ಮಾತಾಡುತ್ತವೆ ಎಂದಳು. ತನ್ನ ಮೈಯೊಳಗೆ ತಂಗಿಯಾದ ನಾನೂ ಇದ್ದೇನೆ ಎಂದಳು. ಮಾತ್ರೆಗಳಿಂದ ಅದೆಲ್ಲ ಇಳಿಯಿತು, ಆದರೆ ಕೈ ನಡುಗತೊಡಗಿತು. ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ದಿನಕ್ಕೆ ಅರ್ಧ ಮಾತ್ರೆಗೆ ತರಲು ಎರಡು ವರ್ಷ ಹಿಡಿಯಿತು. ನಡುಕ ನಿಂತ ಮೇಲೆ ಅವಳು ನಾನು ನಡೆಸುತ್ತಿದ್ದ ಹೊಲಿಗೆ ತರಗತಿಗೆ ಬಂದು ಅಂಗಿಗಳಿಗೆ ಗುಂಡಿ ತೂರಿಸುವ ಕಾಜ ಹೊಲಿಯತೊಡಗಿದಳು. ಅಂಥ ಕಾಜ ನನ್ನ ಕೈಗೆ ಇವತ್ತಿಗೂ ಬಂದಿಲ್ಲ, ಟೀಚರ್ ಅನ್ನಿಸಿಕೊಳ್ಳುವುದು ಮಾತ್ರ ನಾನು.

ಒಂದೇ ಮುಖದ ಇಬ್ಬರಲ್ಲಿ ಒಬ್ಬಳಿಗೆ ಮಾತ್ರ ಈ ಕಾಯಿಲೆ ಏಕೆ ಬಂತು ಎಂಬುದು ಅಕ್ಕನನ್ನು ನೋಡುತ್ತಿದ್ದ ಡಾಕ್ಟರ್ ವೃಷಭೇಂದ್ರಪ್ಪನವರ ತಲೆ ಕೊರೆಯುತ್ತಿತ್ತು. ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು.

"ನಿಮ್ಮಿಬ್ಬರ ಹತ್ರಾನೂ ಒಂದೇ ಅಡುಗೆ ಪುಸ್ತಕ ಇದೆ ಅಂದ್ಕೊಳ್ಳಿ. ಅಕ್ಷರ ಎಲ್ಲ ಒಂದೇ. ಆದ್ರೆ ಬದುಕು ಪೆನ್ಸಿಲ್ ಹಿಡ್ಕೊಂಡು ಅಲ್ಲಲ್ಲಿ ಗುರುತು ಹಾಕ್ತಾ ಹೋಗುತ್ತೆ, ಇದನ್ನ ಮಾಡು, ಇದನ್ನ ಬಿಡು ಅಂತ. ಜ್ವರ, ದುಃಖ, ಊಟ, ಔಷಧಿ, ಯಾವುದ್ರಿಂದ ಬೇಕಾದ್ರೂ ಗುರುತು ಬೀಳಬಹುದು. ಆ ಗುರುತುಗಳಿಗೂ ಈ ಕಾಯಿಲೆಗೂ ಎಷ್ಟು ಸಂಬಂಧ ಅಂತ ನಮಗಿನ್ನೂ ಪೂರ್ತಿ ಗೊತ್ತಿಲ್ಲ."

"ಪೆನ್ಸಿಲ್ ಅಂದ್ಮೇಲೆ ಅಳಿಸ್ಬಹುದಲ್ಲ ಡಾಕ್ಟ್ರೇ? ರಬ್ಬರ್ ಎಲ್ಲಿ ಸಿಗುತ್ತೆ?" ಎಂದಳು ಅಕ್ಕ.

"ಸಿಕ್ಕಿದ ದಿನ ಮೊದ್ಲು ನಿಮಗೇ ಹೇಳ್ತೀನಿ" ಎಂದು ಅವರು ನಕ್ಕರು.

ಆ ಗುರುತುಗಳನ್ನು ಹೋಲಿಸಿ ನೋಡಲು ಇಬ್ಬರೂ ರಕ್ತ ಕೊಡಬೇಕಿತ್ತು. ದಿನವೆಲ್ಲ ಸೂಜಿ ಹಿಡಿದು ಬದುಕುವ ನಾನು ಚುಚ್ಚುವ ಸೂಜಿ ಕಂಡು ಬೆವತೆ. ಆದರೆ ನಿಜವಾದ ಭಯ ಬೇರೆಯಿತ್ತು. ನನ್ನ ಪುಸ್ತಕದಲ್ಲೂ ಅದೇ ಗುರುತು ಇದ್ದರೆ? ನಾಳೆ ಗೋಡೆಗಳು ನನ್ನ ಜೊತೆಗೂ ಮಾತಾಡಿದರೆ? ಅದನ್ನು ತಿಳಿಯುವ ಧೈರ್ಯ ನನಗಿರಲಿಲ್ಲ.

"ನನ್ನ ಬದಲು ನೀನೇ ಹೋಗ್ತೀಯೇನೆ?" ಎಂದು ಅಕ್ಕನ ಕಿವಿಯಲ್ಲಿ ಕೇಳಿದೆ. ಅವಳು ಮುಸಿಮುಸಿ ನಕ್ಕು ನನ್ನ ಕನ್ನಡಕ ಕಿತ್ತುಕೊಂಡಳು. ಬೆಳಗ್ಗೆ ಒಮ್ಮೆ ತನ್ನ ಹೆಸರಿನಲ್ಲಿ, ಮಧ್ಯಾಹ್ನ ರಕ್ತ ತೆಗೆಯುವವರು ಬದಲಾದ ಮೇಲೆ ನನ್ನ ಹೆಸರಿನಲ್ಲಿ ಹೋಗಿ, ಎರಡೂ ತೋಳಿಗೆ ಹತ್ತಿ ಅಂಟಿಸಿಕೊಂಡು ರಾಣಿಯ ಗತ್ತಿನಲ್ಲಿ ಹೊರಬಂದಳು.

ಮೂರು ತಿಂಗಳ ನಂತರ ಡಾಕ್ಟರು ನಮ್ಮನ್ನು ಕರೆಸಿದರು. ಅವರ ಮುಖ ಹಬ್ಬದ ಮನೆಯಂತಿತ್ತು.

"ಇಬ್ಬರ ಗುರುತೂ ಚುಕ್ಕೆ ಸಮೇತ ಒಂದೇ! ಇಂಥದ್ದು ನಾನು ನೋಡೇ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಹಾಗಂತ ನಿಮಗೂ ಕಾಯಿಲೆ ಬರುತ್ತೆ ಅಂತಲ್ಲ. ಆದ್ರೂ ತಿಂಗಳಿಗೊಂದ್ಸಲ ನೀವೂ ಬಂದು ತೋರಿಸ್ಕೊಂಡು ಹೋಗಿ."

"ಅವಳ್ಯಾಕೆ ಬರ್ಬೇಕು?" ಅಕ್ಕ ತಟ್ಟನೆ ಕೇಳಿದಳು. "ಎರಡೂ ನನ್ನ ರಕ್ತಾನೇ ಡಾಕ್ಟ್ರೇ."

ಡಾಕ್ಟರ ನಗು ಮಾಸಿತು. "ಹಾಗೆ ಅನ್ನಿಸೋಕೆ ಶುರುವಾಗಿ ಎಷ್ಟು ದಿನ ಆಯ್ತಮ್ಮ?"

"ಅನ್ನಿಸೋದೇನು ಬಂತು? ನಾನೇ ಕೊಟ್ಟಿದ್ದು. ಇವಳ ಕನ್ನಡಕ ಹಾಕ್ಕೊಂಡು ಹೋಗಿದ್ದೆ."

ಅವರು ಸಮಾಧಾನದಿಂದ ತಲೆಯಾಡಿಸಿ ಫೈಲಿನಲ್ಲಿ ಬರೆದರು. ನಾನು ಬಗ್ಗಿ ಓದಿದೆ. 'ತಂಗಿಯೂ ತನ್ನೊಳಗಿದ್ದಾಳೆಂಬ ಭ್ರಮೆ ಮರಳಿದೆ. ಮಾತ್ರೆ ಅರ್ಧದಿಂದ ಒಂದೂವರೆಗೆ.'

ಅಕ್ಕ ನನ್ನನ್ನು ನೋಡಿದಳು. ಆಗಲೇ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಕಾಯಿಲೆಯ ಅಕ್ಕನನ್ನು ಸೂಜಿಗೆ ಒಡ್ಡಿ ಆಚೆ ಕುಳಿತವಳು ನಾನು ಎಂದು ಹೇಗೆ ಹೇಳಲಿ? ಆ ಅರೆ ನಿಮಿಷ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಅಕ್ಕ, ನಡುಕ ಆಗಲೇ ಶುರುವಾಯಿತೇನೋ ಎಂಬಂತೆ, ತನ್ನ ಬಲಗೈಯ ಬೆರಳುಗಳನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ನನಗೆ ತಡೆಯಲಾಗಲಿಲ್ಲ.

"ಸರ್, ಅವಳು ಹೇಳ್ತಿರೋದು ನಿಜ. ನಾನೇ ಹೆದರ್ಕೊಂಡು ಅವಳನ್ನ ಕಳಿಸಿದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಒಬ್ಬರ ರಕ್ತಾನ ಅವರ ರಕ್ತಕ್ಕೇ ಹೋಲಿಸಿ ಮೂರು ತಿಂಗಳು ಕುಣಿದಾಡಿದೀನಲ್ಲ!" ನಾವೂ ನಕ್ಕೆವು. ಕಣ್ಣೊರೆಸಿಕೊಂಡು ಅವರು ಬರೆದದ್ದನ್ನು ಹೊಡೆದು ಹಾಕಿದರು.

"ಹೊಡೆದು ಹಾಕಿದ್ರೆ ಸಾಲದು" ಎಂದಳು ಅಕ್ಕ. "ನಿಜ ಏನು ಅಂತಾನೂ ಬರೀರಿ."

ಡಾಕ್ಟರ ನಗು ನಿಂತಿತು. "ತಪ್ಪಾಯ್ತಮ್ಮ" ಎಂದು, ನಿಧಾನವಾಗಿ ಎರಡು ಸಾಲು ಬರೆದು, ಫೈಲನ್ನು ಅವಳ ಕಡೆಗೆ ತಿರುಗಿಸಿದರು. ಇಷ್ಟು ವರ್ಷ ಆ ದಪ್ಪ ಫೈಲಿನ ತುಂಬ ಇದ್ದದ್ದು ಅವಳ ಬಗ್ಗೆ ಬೇರೆಯವರು ಅಂದುಕೊಂಡದ್ದು. ಅಕ್ಕ ಒಂದನೇ ಕ್ಲಾಸಿನ ಮಗುವಿನಂತೆ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು.

"ರೋಗಿ ಹೇಳಿದ್ದು ನಿಜ. ನಾನು ನಂಬಲಿಲ್ಲ."

"ಇನ್ನೊಂದ್ಸಲ ಓದ್ಲಾ?" ಎಂದು ಕೇಳಿದಳು.

"ಓದಿ" ಎಂದರು ಡಾಕ್ಟರು.

ಅವಳು ಮೊದಲಿನಿಂದ ಓದತೊಡಗಿದಳು. ನಾನು ಬಳೆಗಳನ್ನು ಮೇಲೆ ಸರಿಸಿ, ಸೂಜಿಗೆಂದು ಮೇಜಿನ ಮೇಲೆ ತೋಳು ಚಾಚಿದೆ.